ಅರಿಷ್ಟ ಕುಡಿಯುವವರು ಕುಡಿಯುವವರಲ್ಲ

ಮೊನ್ನೆ ಒಬ್ಬಳು ಹುಡುಗಿ ಪುಟ್ಟೇನಹಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ನಾನು ಬಿಟ್ಟುಬಂದ ಆಯುರ್ವೇದ ಔಷಧಿ ಕಂಪನಿಗೇ, ನಾನಿದ್ದ ವಿಭಾಗಕ್ಕೇ ಹೊಸದಾಗಿ ಸೇರಿದವಳು. ಅರಿಷ್ಟದ ಸೆಕ್ಷನ್ ಹೇಗಿರುತ್ತದೆ, ಸ್ವಲ್ಪ ಹೇಳಿ ಮೇಡಂ ಎಂದಳು. ಕಾಫಿ ಕೊಟ್ಟೆ, ಕೋಡುಬಳೆ ಕೊಟ್ಟೆ, ಉತ್ತರ ಕೊಡಲಿಲ್ಲ. ಬಾಯಲ್ಲಿ ಹೇಳಲು ಹೋದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಅದಕ್ಕೇ ಬರೆದುಬಿಡುತ್ತಿದ್ದೇನೆ. ಅವಳೂ ಓದಲಿ, ಅವಳ ಹಾಗೆ ಬಿ.ಎಸ್ಸಿ., ಬಿ.ಫಾರ್ಮ್ ಮುಗಿಸಿ ಬಿಳಿ ಕೋಟು ತೊಟ್ಟು ಬರುವ ಮಿಕ್ಕವರೂ ಓದಲಿ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನೆಲ್ಲ ಬರೆಯುವುದಿಲ್ಲ. ಅದು ಯಾರಿಗೂ ಬೇಡ, ನನಗೂ ಬೇಡ.

ನಾನು ಸೇರಿದಾಗ ಕೋಣನಕುಂಟೆ ಇನ್ನೂ ಹಳ್ಳಿಯೇ. ಕನಕಪುರ ರಸ್ತೆಯಲ್ಲಿ ಬಸ್ಸಿಳಿದು ರಾಗಿ ಹೊಲದ ಪಕ್ಕ ನಡೆದುಹೋದರೆ ಹೆಂಚಿನ ಶೆಡ್ಡು. ಅದೇ ಕಾರ್ಖಾನೆ. ಯಜಮಾನರನ್ನು ಎಲ್ಲರೂ ಪಂಡಿತರು ಎನ್ನುತ್ತಿದ್ದರು. ವೈದ್ಯರ ಮನೆತನ, ಮಹಾ ಮುಂಗೋಪಿ. ನನ್ನ ಕೆಮಿಸ್ಟ್ರಿ ಡಿಗ್ರಿಯನ್ನು ನೋಡಿ, ಇದನ್ನು ಮನೆಯಲ್ಲಿ ಇಟ್ಟು ನಾಳೆಯಿಂದ ಬಾ, ಮೂಗು ಕಿವಿ ಮಾತ್ರ ತಗೊಂಡು ಬಾ ಎಂದಿದ್ದರು.

ಮೂಗು ಕಿವಿಯ ಕೆಲಸವೇ ಅದು. ಒಣದ್ರಾಕ್ಷಿಯನ್ನು ಹಂಡೆಯಲ್ಲಿ ಕುದಿಸಿ ಕಾಲು ಭಾಗಕ್ಕೆ ಇಳಿಸಿ, ಆರಿಸಿ, ಬೆಲ್ಲ ಕರಗಿಸಿ, ಏಲಕ್ಕಿ, ದಾಲ್ಚಿನ್ನಿ, ಹಿಪ್ಪಲಿ, ನಾಗಕೇಸರ ಕುಟ್ಟಿ ಹಾಕಿ, ಮೇಲೆ ಧಾತಕಿ ಹೂವು ಉದುರಿಸಿ ಜಾಡಿಯ ಬಾಯಿ ಕಟ್ಟುವುದು. ಹುಳಿ ಬರಿಸುವ ಕೆಲಸ ಆ ಹೂವಿನದು. ಒಂದು ತಿಂಗಳ ಹತ್ತಿರ ಜಾಡಿ ಒಳಗೊಳಗೇ ಗುಸುಗುಸು ಅನ್ನುತ್ತಿರುತ್ತದೆ, ಕಿವಿಯಿಟ್ಟರೆ ಕೇಳಿಸುತ್ತದೆ. ಸದ್ದು ನಿಂತ ಮೇಲೆ ಬಟ್ಟೆ ಸರಿಸಿ ಉರಿಯುವ ಕಡ್ಡಿ ಹಿಡಿಯಬೇಕು. ಕಡ್ಡಿ ಆರಿತೋ, ಇನ್ನೂ ಆಗಿಲ್ಲ. ಉರಿಯುತ್ತಲೇ ಇತ್ತೋ, ದ್ರಾಕ್ಷಾರಿಷ್ಟ ಸಿದ್ಧ. ಬಾಯಿ ತೆರೆದ ಕೂಡಲೇ ಶೆಡ್ಡಿನ ತುಂಬ ಹಬ್ಬುತ್ತಿದ್ದ ವಾಸನೆಯನ್ನು ಈಗಿನ ಸ್ಟೀಲ್ ಟ್ಯಾಂಕಿನವರಿಗೆ ಹೇಗೆ ಹೇಳಲಿ, ಹೇಳಿದರೆ ನಗುತ್ತಾರೆ.

ಕುಡಿಯಲು ಇಷ್ಟು ಚೆನ್ನಾಗಿರುವುದು ಔಷಧಿ ಹೇಗೆ ಎಂದು ಮೊದಲ ವರ್ಷವೇ ಪಂಡಿತರನ್ನು ಕೇಳಿದ್ದೆ. ಅವರು ಬಯ್ಯಲಿಲ್ಲ. "ಇದರಲ್ಲಿ ಇರೋದು ಮದ್ಯಾನೇ ಕಣಮ್ಮ. ನಾವು ಸುರಿಯಲ್ಲ, ಅದೇ ಹುಟ್ಕೊಳ್ಳುತ್ತೆ, ಅಷ್ಟೇ. ಮುಚ್ಚಳದಲ್ಲಿ ಕುಡಿದ್ರೆ ಔಷಧಿ, ಲೋಟದಲ್ಲಿ ಕುಡಿದ್ರೆ ಹೆಂಡ. ನಮ್ಮ ಜನಕ್ಕೆ ಈ ಮಾತು ಹೇಳ್ಬೇಡ, ಹೊಡೆಯಕ್ಕೆ ಬರ್ತಾರೆ" ಎಂದರು. ನಾನು ನಕ್ಕೆ. ಮುಂದೆ ಹೇಳಿದೆ, ಹೊಡೆತವನ್ನೂ ತಿಂದೆ. ಈ ಬರಹವೆಲ್ಲ ಅದರದೇ.

ನಾನು ಮದುವೆಯಾಗಲಿಲ್ಲ. ಏಕೆ ಎಂಬುದು ಬೇರೆ ಕಥೆ, ಇಲ್ಲಿ ಬೇಡ. ಅಪ್ಪ ಅಮ್ಮ ಹೋದ ಮೇಲೆ ನನಗೆ ಮನೆ ಎಂದರೆ ಬನಶಂಕರಿಯ ಅಕ್ಕನ ಮನೆ. ಗೌರಕ್ಕ ನನಗಿಂತ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು. ಭಾವ ಮಲ್ಲಿಕಾರ್ಜುನಪ್ಪನವರದು ಕತ್ರಿಗುಪ್ಪೆಯಲ್ಲಿ ಪಾತ್ರೆ ಅಂಗಡಿ. ಹಣೆ ತುಂಬ ವಿಭೂತಿ, ಬೆಳಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಬಿಡದ ಮನುಷ್ಯ. ನನ್ನನ್ನು ನಾದಿನಿ ಎಂದು ನೋಡದೆ ತಂಗಿಯ ಹಾಗೆ ನೋಡಿಕೊಂಡರು. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನಾನು ಕೃತಘ್ನಳಾಗುತ್ತೇನೆ.

ಯುಗಾದಿ, ಗೌರಿ ಹಬ್ಬ, ದೀಪಾವಳಿ, ಯಾವುದೇ ಇರಲಿ, ಊಟ ಅಲ್ಲೇ. ಒಬ್ಬಟ್ಟಿನ ಮೇಲೆ ತುಪ್ಪ, ಆಂಬೊಡೆ, ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ. ಎಲೆ ಎತ್ತಿ ನಡುಮನೆಯಲ್ಲಿ ಎಲ್ಲರೂ ಗೋಡೆಗೆ ಒರಗಿ ಕೂತ ಮೇಲೆ ಭಾವ ದೇವರ ಮನೆಯ ಶೆಲ್ಫಿನಿಂದ ಬಾಟಲಿ ತರುತ್ತಿದ್ದರು. ನಾನು ತಂದುಕೊಟ್ಟ ದ್ರಾಕ್ಷಾರಿಷ್ಟ. ನಾಮಕರಣಕ್ಕೆ ಬಂದ ಪುಟ್ಟ ಬೆಳ್ಳಿ ಲೋಟಗಳಲ್ಲಿ, ಮನೆಗೆ ಹಿರಿಯರು ಯಾರೋ ಅವರಿಂದ ಶುರು ಮಾಡಿ, ಒಬ್ಬೊಬ್ಬರಿಗೂ ತಾವೇ ಬಗ್ಗಿ ಕೊಡುತ್ತಿದ್ದರು. ಮಕ್ಕಳಿಗೆ ನೀರು ಬೆರೆಸಿ ಅರ್ಧ ಚಮಚ. "ನಮ್ಮ ಮಂಗಳಾ ಕೈಯಿಂದ ಆಗಿದ್ದು, ಜೀರ್ಣಕ್ಕೆ" ಎನ್ನುತ್ತಿದ್ದರು. ಆಮೇಲೆ ಚೌಕಾಬಾರ, ಹಳೇ ಕಥೆ, ನಗು. ಮಾತೇ ಆಡದ ನಮ್ಮ ದೊಡ್ಡಮ್ಮ ಎರಡು ಗುಟುಕು ಇಳಿದ ಮೇಲೆ ಸೋಬಾನೆ ಹಾಡುತ್ತಿದ್ದಳು. ಆ ಖುಷಿ ಸುಳ್ಳಲ್ಲ. ನಾನು ಮಾಡಿದ್ದನ್ನು ನನ್ನವರು ಕುಡಿದು ಸಂತೋಷವಾಗಿದ್ದರಲ್ಲ, ಅದಕ್ಕಿಂತ ದೊಡ್ಡ ಬಹುಮಾನ ನನಗೆ ಯಾವ ಕಂಪನಿಯೂ ಕೊಟ್ಟಿಲ್ಲ.

ಪಂಡಿತರು ತೀರಿಕೊಂಡ ಮೇಲೆ ಮಗ ಪ್ರಶಾಂತ್ ಬಂದರು. ಎಂಬಿಎ. ಮೊದಲ ವಾರವೇ ಜಾಡಿಗಳನ್ನೆಲ್ಲ ಹೊರಗೆ ಹಾಕಿಸಿ ಪ್ಲಾಸ್ಟಿಕ್ ಡ್ರಮ್ ತರಿಸಿದರು, ಆಮೇಲೆ ಸ್ಟೀಲ್ ಟ್ಯಾಂಕು. ಬೆಲ್ಲ ಹೋಗಿ ಸಕ್ಕರೆ ಬಂತು. ಹೂವಿನ ಜತೆಗೆ ಈಸ್ಟ್ ಬಂತು. ಹೊಸದೆಲ್ಲ ಕೆಟ್ಟದ್ದು ಎಂದು ಹೇಳುವ ಮುದುಕಿ ನಾನಲ್ಲ. ಟ್ಯಾಂಕು ತೊಳೆಯಲು ಸುಲಭ, ಬ್ಯಾಚಿನಿಂದ ಬ್ಯಾಚಿಗೆ ರುಚಿ ಒಂದೇ, ಜಾಡಿ ಒಡೆದು ಕಾಲು ಕುಯ್ದುಕೊಳ್ಳುವ ಭಯವಿಲ್ಲ. ನನ್ನ ಜಗಳ ಇದ್ದದ್ದು ಆತುರದ ಮೇಲೆ.

ಒಂದು ದಸರೆಯ ಮುಂಚೆ ಬೇಡಿಕೆ ಬಹಳ ಬಂದಿತ್ತು. ಕಡ್ಡಿ ಹಿಡಿದೆ, ಆರಿತು. ಇನ್ನೂ ಹುಳಿಯುತ್ತಿದೆ, ಒಂದು ವಾರ ಬಿಡಿ ಎಂದೆ. ಹಬ್ಬ ವಾರ ಕಾಯುತ್ತಾ ಎಂದರು ಪ್ರಶಾಂತ್. ತುಂಬಿಸಿ ಕಳಿಸಿಯೇಬಿಟ್ಟರು. ಆಯುಧಪೂಜೆಯ ದಿನ ಜಯನಗರದ ಒಂದು ಅಂಗಡಿಯಲ್ಲಿ ಬಾಟಲಿಗಳ ಮುಚ್ಚಳ ಪಟಪಟ ಎಂದು ಹಾರಲು ಶುರುವಾಯಿತಂತೆ. ಬೂದುಗುಂಬಳ ಒಡೆಯಲು ನಿಂತಿದ್ದ ಅಂಗಡಿಯವರು ಗಲ್ಲಾ ಬಿಟ್ಟು ರಸ್ತೆಗೆ ಓಡಿದರು. ತಕ್ಕಡಿ, ದೇವರ ಪಟ, ಅವರ ಹೊಸ ಪಂಚೆ ಎಲ್ಲ ಕೆಂಪು ಕೆಂಪು. ಕ್ಷಮೆ ಕೇಳಲು ನನ್ನನ್ನೇ ಕಳಿಸಿದರು. ಹೋಗಿ ಬಯ್ಯಿಸಿಕೊಂಡು ಬಂದೆ. ನೆನಪಿಟ್ಟುಕೊಳ್ಳಿ, ಮೇಲಿನವರ ಆತುರಕ್ಕೆ ಬಯ್ಯಿಸಿಕೊಳ್ಳುವುದೂ ನಿಮ್ಮ ಕೆಲಸದ ಒಂದು ಭಾಗ.

ನಗುವಂಥದ್ದು ಅಲ್ಲಿಗೆ ಮುಗಿಯಿತು. ಒಂದು ಸಲ ಚುನಾವಣೆ ಮತ್ತು ಯುಗಾದಿ ಹತ್ತಿರ ಹತ್ತಿರ ಬಂದು, ಬಾರು, ವೈನ್ ಶಾಪು ಎಲ್ಲ ಮುಚ್ಚಿದ್ದವು. ಹಬ್ಬದ ಹಿಂದಿನ ದಿನ ಬಿಟಿಎಂ ಲೇಔಟಿನ ಒಂದು ಅಂಗಡಿಗೆ ಮಾಲು ಹೇಗೆ ಹೋಗುತ್ತಿದೆ ನೋಡಿಬನ್ನಿ ಎಂದು ಪ್ರಶಾಂತ್ ನನ್ನನ್ನು ಅಟ್ಟಿದರು. ಹೋಗಿ ನೋಡಿದರೆ ಅಂಗಡಿಯ ಮುಂದೆ ಕ್ಯೂ. ಗಾರೆ ಕೆಲಸದವರು, ಆಟೋದವರು, ಟೈ ಕಟ್ಟಿದವರೂ ಇಬ್ಬರು ಮೂವರು. ಅಂಗಡಿಯವನು ನಮ್ಮ ದ್ರಾಕ್ಷಾರಿಷ್ಟವನ್ನು ಪ್ಲಾಸ್ಟಿಕ್ ಲೋಟಕ್ಕೆ ಬಗ್ಗಿಸಿ, ಜತೆಗೆ ಉಪ್ಪಿನಕಾಯಿ ಪ್ಯಾಕೆಟ್ಟು ಕೊಡುತ್ತಿದ್ದ. ನಾನು ಕಂಪನಿಯವಳು ಎಂದು ಗೊತ್ತಾಗಿ ಅವನಿಗೆ ಗಾಬರಿಯಾಗಲಿಲ್ಲ, ಖುಷಿಯಾಯಿತು. ಇನ್ನೂ ಸ್ವಲ್ಪ ಸ್ಟ್ರಾಂಗ್ ಮಾಡಿ ಮೇಡಂ, ಜನ ಕೇಳ್ತಾರೆ ಎಂದ. ನನ್ನ ಮುಖಕ್ಕೆ ಹೊಡೆದಂತಾಯಿತು.

ವಾಪಸು ಬಂದು ಪ್ರಶಾಂತ್ ಅವರಿಗೆ ಹೇಳಿದೆ. ಆ ಅಂಗಡಿಗೆ ಕೊಡಬೇಡಿ ಎಂದೆ. ನಾವು ಔಷಧಿ ಮಾಡುವವರು, ಯಾರು ಎಷ್ಟು ಕುಡಿಯುತ್ತಾರೆ ಎಂದು ಮನೆಮನೆಗೆ ಹೋಗಿ ನೋಡಲಾಗುತ್ತದೆಯೇ ಎಂದರು. ಮುಂದಿನ ತಿಂಗಳಿಂದ ಆ ಅಂಗಡಿಗೆ ಮಾಲು ಜಾಸ್ತಿ ಹೋಯಿತು.

ಆ ಕ್ಯೂ ನೋಡಿದ ಮಾರನೆಯ ದಿನ ಯುಗಾದಿಯ ಊಟಕ್ಕೆ ಕೂತಿದ್ದಾಗ ಭಾವ ಅದನ್ನೇ ಎತ್ತಿದರು. ಕತ್ರಿಗುಪ್ಪೆ ಸರ್ಕಲ್ಲಿನಲ್ಲೂ ಹಾಗೇ ಕುಡುಕರು ಔಷಧಿ ಅಂಗಡಿಗೆ ಮುತ್ತಿಕೊಂಡಿದ್ದರಂತೆ. ಮಾನ ಮರ್ಯಾದೆ ಇಲ್ಲದವು, ಹಬ್ಬದ ಹೊತ್ತಲ್ಲೂ ಹೆಂಡ ಬೇಕು ಇವಕ್ಕೆ ಎಂದು ಬಯ್ಯುತ್ತ ಬಯ್ಯುತ್ತಲೇ ಬೆಳ್ಳಿ ಲೋಟ ತುಂಬಿಸಿ ನನ್ನ ಕೈಗೆ ಕೊಟ್ಟರು. ಅವರ ಪಕ್ಕದಲ್ಲಿದ್ದದ್ದು ಬೆಳ್ಳಿ ಲೋಟವಲ್ಲ, ಸ್ಟೀಲ್ ಲೋಟ, ನೀರು ಕುಡಿಯುವಂಥದ್ದು. ಅದು ಆಗಲೇ ಎರಡನೆಯ ಸಲ ತುಂಬಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ. ಅವರು ಕುಡಿದಿದ್ದೂ ಇದೇ ಭಾವ ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಭಾವನೂ ನಕ್ಕರು. ಫ್ಯಾಕ್ಟರಿ ಗಾಳಿ ನಿನ್ನ ತಲೆಗೆ ಏರಿದೆ ಎಂದರು.

ಆಮೇಲೆ ನಾನು ನೋಡಲು ಶುರು ಮಾಡಿದೆ. ಅಂಗಡಿಯನ್ನು ಮಗ ಕಿರಣನಿಗೆ ವಹಿಸಿ ಭಾವ ಮನೆಯಲ್ಲಿ ಕೂತ ಮೇಲೆ ಹಬ್ಬದ ಲೋಟ ಸೋಮವಾರದ ಲೋಟವಾಯಿತು, ಆಮೇಲೆ ದಿನದ ಲೋಟ, ಆಮೇಲೆ ಊಟ ಇದ್ದರೂ ಇಲ್ಲದಿದ್ದರೂ. ನಾನು ತರುವುದು ನಿಲ್ಲಿಸಿದೆ. ಗಲ್ಲಿಗೊಂದು ಅಂಗಡಿ ಇರುವಾಗ ನಾನು ನಿಲ್ಲಿಸಿ ಏನಾಗಬೇಕು. ಒಂದು ಬೆಳಗ್ಗೆ ಹೋದಾಗ ಪೂಜೆಗೆ ಕೂತಿದ್ದರು. ವಿಭೂತಿ ಗಟ್ಟಿ ಹಿಡಿದ ಕೈ ಗಡಗಡ ನಡುಗುತ್ತಿತ್ತು, ಹಣೆಗೆ ಗೆರೆ ಎಳೆಯಲು ಆಗುತ್ತಿರಲಿಲ್ಲ. ಗೌರಕ್ಕ ಒಳಗಿನಿಂದ ಅರ್ಧ ಲೋಟ ಅರಿಷ್ಟ ತಂದುಕೊಟ್ಟಳು. ಲಿಂಗಪೂಜೆಗೆ ಮುಂಚೆ ನೀರೂ ಮುಟ್ಟದವರು ಅದನ್ನು ಕುಡಿದರು. ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಮೂರು ಗೆರೆ ನೀಟಾಗಿ ಬಂದವು.

ಅಡುಗೆಮನೆಯಲ್ಲಿ ಅಕ್ಕನನ್ನು ಹಿಡಿದು ನಿಲ್ಲಿಸಿದೆ. ದಿನಕ್ಕೆ ಎಷ್ಟು ಬಾಟಲಿ ಎಂದು ಕೇಳಿದೆ. ಎರಡೋ ಮೂರೋ, ಹೊಟ್ಟೆ ಉಬ್ಬರ ಕಣೇ ಎಂದಳು. ಇದು ಬಿಡದೆ ಹೋದರೆ ಭಾವ ಉಳಿಯಲ್ಲ ಅಕ್ಕ, ಇದಕ್ಕೆ ಕುಡಿತ ಅಂತಾರೆ ಎಂದೆ. ಅವಳು ಒಲೆಯ ಕಡೆ ತಿರುಗಿ ಒಗ್ಗರಣೆ ಹಾಕಿದಳು. ಅವತ್ತು ಮಧ್ಯಾಹ್ನ ನನಗೆ ಊಟಕ್ಕೆ ಕೂರು ಎಂದು ಹೇಳಲಿಲ್ಲ.

ಅದಾಗಿ ಒಂದು ವರ್ಷವಿರಬೇಕು, ಭಾವನಿಗೆ ಹರ್ನಿಯಾ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಎರಡನೆಯ ದಿನ ನಾನು ಹಣ್ಣು ತಗೊಂಡು ಹೋಗುವಷ್ಟರಲ್ಲಿ ವಾರ್ಡಿನಲ್ಲಿ ಗಲಾಟೆ. ಭಾವ ಬೆವರಿನಲ್ಲಿ ಮುಳುಗಿದ್ದರು. ಗೋಡೆ ಮೇಲೆ ಇರುವೆ ಬರ್ತಿವೆ, ಒರೆಸಿ ಎಂದು ಕೂಗುತ್ತ ಡ್ರಿಪ್ಪಿನ ಸೂಜಿ ಕಿತ್ತುಹಾಕಲು ನೋಡುತ್ತಿದ್ದರು. ಕಿರಣ ಮತ್ತು ಅವನ ಮಾವ, ತುಮಕೂರಿನಿಂದ ನೋಡಲು ಬಂದಿದ್ದ ಬೀಗರು, ಇಬ್ಬರೂ ಸೇರಿ ಕೈ ಹಿಡಿದಿದ್ದರು. ಬೀಗಿತ್ತಿ ಮೂಲೆಯಲ್ಲಿ ನಿಂತು ಯಾರದೋ ದೃಷ್ಟಿ ಎನ್ನುತ್ತಿದ್ದರು. ವಯಸ್ಸಿನಲ್ಲಿ ಚಿಕ್ಕವಳಾದ ಡಾಕ್ಟರ್ ಒಬ್ಬಳು ಗೌರಕ್ಕನ ಮುಂದೆ ನಿಂತಿದ್ದಳು.

"ಇನ್ನೊಂದ್ ಸಲ ಕೇಳ್ತೀನಿ ಅಮ್ಮ, ಮುಚ್ಚಿಡ್ಬೇಡಿ. ಇವರಿಗೆ ಕುಡಿಯೋ ಅಭ್ಯಾಸ ಇದೆಯಾ? ಇದ್ರೆ ಟ್ರೀಟ್‌ಮೆಂಟೇ ಬೇರೆ. ಲೇಟ್ ಆದ್ರೆ ಜೀವಕ್ಕೆ ಅಪಾಯ."

"ಅಯ್ಯೋ ಶಿವನೇ, ಇಲ್ಲಮ್ಮ. ಸೋಮವಾರ ಈರುಳ್ಳೀನೂ ಮುಟ್ಟಲ್ಲ ಅವರು. ನಮ್ಮ ಮನೇಲಿ ಅದರ ವಾಸನೇನೂ ಗೊತ್ತಿಲ್ಲ."

ಅಕ್ಕ ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ನೀವು ಅರ್ಥ ಮಾಡಿಕೊಳ್ಳಬೇಕು. ಅವಳು ಮನಸಾರೆ ನಂಬಿಯೇ ಹೇಳುತ್ತಿದ್ದಳು. ಕಿರಣನೂ ಹೂಂ ಎಂದು ತಲೆಯಾಡಿಸಿದ. ಡಾಕ್ಟರ್ ತಲೆಯ ಸ್ಕ್ಯಾನ್ ಮಾಡಿಸೋಣ ಎಂದು ನರ್ಸಿನ ಕಡೆ ತಿರುಗಿದಳು. ನಾನು ಹಣ್ಣಿನ ಚೀಲ ಕೆಳಗಿಟ್ಟೆ.

"ಕುಡೀತಾರೆ ಡಾಕ್ಟ್ರೇ. ದಿನಾ. ದ್ರಾಕ್ಷಾರಿಷ್ಟ, ದಿನಕ್ಕೆ ಎರಡು ಮೂರು ಬಾಟ್ಲಿ. ಎಷ್ಟೋ ವರ್ಷದಿಂದ. ಅದರಲ್ಲಿ ಎಷ್ಟು ಆಲ್ಕೋಹಾಲ್ ಇರುತ್ತೆ ಅಂತ ನನಗೆ ಗೊತ್ತು, ಅದನ್ನ ಮಾಡೋಳು ನಾನೇ."

ಬೀಗರು ಭಾವನ ಕೈ ಬಿಟ್ಟರು. ಬೇಕಂತ ಬಿಟ್ಟರೋ, ತಾನಾಗಿ ಬಿಟ್ಟುಹೋಯಿತೋ, ಗೊತ್ತಿಲ್ಲ. ಡಾಕ್ಟರ್ ಓಡಿದಳು. ಬೇರೆ ಇಂಜೆಕ್ಷನ್ ಬಂತು, ಐಸಿಯು ಆಯಿತು. ನಾಲ್ಕೈದು ದಿನಕ್ಕೆ ಭಾವ ಎದ್ದು ಕೂತು ಗಂಜಿ ಕುಡಿದರು. ಬಿಡುಗಡೆಯ ದಿನ ಆ ಡಾಕ್ಟರ್, ನೀವು ಅವತ್ತು ಹೇಳದೇ ಹೋಗಿದ್ದರೆ ಇವರು ಉಳಿಯುವುದು ಕಷ್ಟವಿತ್ತು ಎಂದು ನನ್ನ ಬಳಿ ಹೇಳಿದಳು. ಕೇಳಿಸಿಕೊಳ್ಳಲು ನನ್ನ ಜತೆ ಯಾರೂ ಇರಲಿಲ್ಲ. ಅಷ್ಟರಲ್ಲಾಗಲೇ ನನ್ನ ಪಕ್ಕ ನಿಲ್ಲುವುದನ್ನು ಎಲ್ಲರೂ ಬಿಟ್ಟಿದ್ದರು.

ಮನೆಗೆ ಹೋದ ಮೇಲೆ ಭಾವ ಹೇಳಿದ್ದನ್ನು ಕಿರಣ ನನಗೆ ಫೋನಿನಲ್ಲಿ ಒಪ್ಪಿಸಿದ. ನಮ್ಮನೆ ಅನ್ನ ತಿಂದು, ಬೀಗರ ಮುಂದೆ ನನಗೆ ಕುಡುಕ ಅಂತ ಹೆಸರಿಟ್ಟಳು, ಇನ್ನು ಈ ಹೊಸಿಲು ತುಳಿಯೋದು ಬೇಡ. ಸ್ವಲ್ಪ ದಿನ ಬರಬೇಡಿ ಚಿಕ್ಕಮ್ಮ ಎಂದು ಕಿರಣ ತನ್ನ ಕಡೆಯಿಂದ ಸೇರಿಸಿದ. ಸ್ವಲ್ಪ ದಿನ ಎಂದದ್ದು ವರ್ಷಗಳಾದವು. ಮೊದಲ ದೀಪಾವಳಿಗೆ ಬೆಳಗ್ಗೆಯೇ ಹೊಸ ಸೀರೆ ಉಟ್ಟು ಫೋನ್ ಪಕ್ಕ ಕೂತಿದ್ದೆ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಮಧ್ಯಾಹ್ನದವರೆಗೂ ಕೂತಿದ್ದೆ. ಆಮೇಲೆ ಸೀರೆ ಬಿಚ್ಚಿಟ್ಟು ಅತ್ತೆ.

ಕಂಪನಿಯಲ್ಲಿ ಮತ್ತೆ ಜಗಳ ತೆಗೆದೆ. ಇದರಲ್ಲಿ ಮದ್ಯವಿದೆ, ಹೆಚ್ಚು ಕುಡಿದರೆ ಚಟ ಹಿಡಿಯುತ್ತದೆ ಎಂದು ಬಾಟಲಿಯ ಮೇಲೆ ದೊಡ್ಡದಾಗಿ ಬರೆಯೋಣ ಎಂದೆ. ಕಾನೂನು ಕೇಳುವಷ್ಟನ್ನು ಸಣ್ಣಕ್ಷರದಲ್ಲಿ ಬರೆದಿದ್ದೇವಲ್ಲ ಎಂದರು ಪ್ರಶಾಂತ್. ದೊಡ್ಡದಾಗಿ ಬರೆದರೆ ಮರ್ಯಾದಸ್ಥರ ಮನೆಗೆ ಹೋಗುವುದು ನಿಂತುಹೋಗುತ್ತದಂತೆ. ಆ ಮಾತಿನಲ್ಲಿ ಅವರು ತಪ್ಪಿರಲಿಲ್ಲ. ನಾನು ನಿವೃತ್ತಳಾದ ದಿನ ಶಾಲು, ಹಣ್ಣಿನ ಬುಟ್ಟಿ, ಜತೆಗೆ ಬಂಗಾರದ ಬಣ್ಣದ ರಿಬ್ಬನ್ ಕಟ್ಟಿದ ನಮ್ಮದೇ ದ್ರಾಕ್ಷಾರಿಷ್ಟದ ಹಬ್ಬದ ಗಿಫ್ಟ್ ಪ್ಯಾಕು ಕೊಟ್ಟರು. ಕುಟುಂಬದೊಂದಿಗೆ ಸವಿಯಿರಿ ಎಂದು ಅದರ ಮೇಲೆ ಅಚ್ಚು ಹಾಕಿತ್ತು. ಮನೆಗೆ ತಂದು ಬಚ್ಚಲಿಗೆ ಸುರಿದೆ. ಬಚ್ಚಲು ಎರಡು ದಿನ ಘಮಘಮ ಎನ್ನುತ್ತಿತ್ತು.

ಈ ವರ್ಷದ ಯುಗಾದಿಗೆ ಮುಂಚೆ ಗೌರಕ್ಕ ಬಂದಳು. ಆಟೋದಲ್ಲಿ, ಒಬ್ಬಳೇ. ಮಂಡಿ ನೋವು, ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಕೂರಿಸಿ ನೀರು ಕೊಟ್ಟೆ. ಬಹಳ ಹೊತ್ತು ಮನೆಯನ್ನೇ ಸುತ್ತ ನೋಡಿದಳು. ತೆಳ್ಳಗಾಗಿದ್ದೀಯ ಎಂದಳು. ಆಮೇಲೆ ವಿಷಯಕ್ಕೆ ಬಂದಳು. ಭಾವ ಒಪ್ಪಿದ್ದಾರೆ, ಹಬ್ಬಕ್ಕೆ ಬರಬಹುದು. ಬೀಗರೂ ಬರುತ್ತಾರೆ. ಊಟ ಆದ ಮೇಲೆ ಅವರೆಲ್ಲರ ಎದುರು ನಾನು ಒಂದೇ ಒಂದು ಮಾತು ಹೇಳಬೇಕು, ಅವತ್ತು ಗಾಬರಿಯಲ್ಲಿ ತಪ್ಪು ಹೇಳಿದೆ, ಅದು ಬರೀ ಔಷಧಿ ಎಂದು. ಮಾಡುವವಳೇ ಹೇಳಿದರೆ ಎಲ್ಲರೂ ನಂಬುತ್ತಾರೆ. ಅಷ್ಟಾದರೆ ಎಲ್ಲ ಮೊದಲಿನ ಹಾಗೆ.

ನನಗೆ ಎಷ್ಟು ಆಸೆಯಾಯಿತು ಎಂದು ಹೇಳಲಾರೆ. ಆ ನಡುಮನೆ, ಆ ಗೋಡೆ, ಅಕ್ಕನ ಕೈಯ ಒಬ್ಬಟ್ಟು. ಒಂದು ಮಾತು ತಾನೇ, ಹೇಳಿದರೆ ನನ್ನ ಗಂಟು ಏನು ಹೋಗುತ್ತದೆ ಎಂದು ಬಾಯಿ ತೆರೆದಿದ್ದೆ. ಆದರೂ ಕೇಳಿದೆ. ಭಾವ ಈಗ ಬಿಟ್ಟಿದ್ದಾರಾ ಅಕ್ಕ?

ಅಕ್ಕ ಸೆರಗಿನ ಅಂಚು ಮಡಿಸುತ್ತ ಕೂತಳು. ಬಿಟ್ಟಿದ್ದರು, ಹೋದ ದೀಪಾವಳಿಯಿಂದ ಊಟ ಆದ ಮೇಲೆ ಸ್ವಲ್ಪ ಎಂದಳು. ಸ್ವಲ್ಪ ಎಂದರೆ ಎಷ್ಟು ಎಂದೆ. ಬೆಳಗ್ಗೆ ಕೈ ನಡುಗುತ್ತದೆಯೇ ಎಂದೆ. ಮಡಿಸಿದ ಅಂಚನ್ನು ಬಿಚ್ಚಿ ಮತ್ತೆ ಮಡಿಸಿದಳು.

"ಹಾಗಾದ್ರೆ ನಾನು ಬರಲ್ಲ ಅಕ್ಕ. ನಾನು ಆ ಮಾತು ಹೇಳಿದ್ರೆ, ಮುಂದಿನ ಸಲ ಡಾಕ್ಟ್ರು ಕೇಳಿದಾಗ ನಿಜ ಹೇಳಕ್ಕೆ ಯಾರೂ ಇರಲ್ಲ."

ಗೌರಕ್ಕ ಎದ್ದಳು. ಚಪ್ಪಲಿ ಮೆಟ್ಟಲು ಬಗ್ಗಲಾರದೆ ನನ್ನ ಭುಜ ಹಿಡಿದುಕೊಂಡಳು. ಹಿಡಿದ ಕೈಯನ್ನು ತಕ್ಷಣ ತೆಗೆಯಲಿಲ್ಲ.

"ಅವರು ಬದುಕಿದ್ದು ನಿನ್ನಿಂದ ಅಂತ ನನಗೆ ಗೊತ್ತು ಕಣೇ ಮಂಗಳಾ. ಅವತ್ತೇ ಗೊತ್ತಿತ್ತು. ಆದ್ರೆ ಆ ಮನೇಲಿ ಇರೋಳು ನಾನು, ನೀನಲ್ಲ."

ಗೇಟಿನವರೆಗೂ ಹೋಗಿ ಆಟೋ ಹತ್ತಿಸಿದೆ. ಯುಗಾದಿಯ ದಿನ ಒಂದು ಪಾವು ಅಕ್ಕಿಯ ಚಿತ್ರಾನ್ನ ಮಾಡಿಕೊಂಡು ಉಂಡೆ. ಮಧ್ಯಾಹ್ನ ಫೋನ್ ಹೊಡೆದುಕೊಂಡಿತು. ಅಕ್ಕನ ನಂಬರು. ಎತ್ತಿದರೆ ಹಿಂದೆ ಹಬ್ಬದ ಗದ್ದಲ, ಪಾತ್ರೆ ಸದ್ದು, ಯಾರದೋ ನಗು. ಆಮೇಲೆ ಅವಳು ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ, ಆ ಡಾಕ್ಟರಮ್ಮನ ಹೆಸರೇನು ಎಂದು ಕೇಳಿದಳು. ಹೇಳಿದೆ.